ಗೀಸರ್ ಬದಲಿಸುವ ಮುನ್ನ ಬೋರ್ ನೀರಿನ ಗಡಸುತನ ನೋಡಿ

ಮಾನ್ಯ ಸಂಪಾದಕರೇ,

ದೀಪಾವಳಿ ಹತ್ತಿರ ಬರುತ್ತಿದ್ದಂತೆ ಮೈಸೂರು, ಮಂಡ್ಯದ ಅಂಗಡಿಗಳಲ್ಲಿ ಹಳೇ ಗೀಸರ್ ಕೊಟ್ಟು ಹೊಸದು ಒಯ್ಯುವ ವ್ಯಾಪಾರ ಜೋರಾಗುತ್ತದೆ. ಕೊಳ್ಳಲು ಬಂದವರು ಎಷ್ಟು ಲೀಟರ್, ಎಷ್ಟು ಸ್ಟಾರ್, ಎಷ್ಟು ಬೆಲೆ ಎಂದು ಕೇಳುತ್ತಾರೆ. ಮನೆಗೆ ಬರುವುದು ಕಾವೇರಿ ನೀರೋ ಬೋರ್ ನೀರೋ ಎಂದು ಅಂಗಡಿಯವರು ಕೇಳುವುದಿಲ್ಲ, ಹೇಳಬೇಕೆಂದು ಕೊಳ್ಳುವವರಿಗೂ ತೋಚುವುದಿಲ್ಲ. ನದಿ ನೀರು ಬರುವ ಬೀದಿಯಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ನಡೆಯುವ ಮಾದರಿಯೇ ಊರಾಚೆಯ ಬೋರ್ ನೀರಿನ ಬಡಾವಣೆಯಲ್ಲಿ ಎರಡನೇ ಚಳಿಗಾಲಕ್ಕೆ ಕಾಯಿಲ್ ಸುಟ್ಟುಕೊಂಡು ಕೂರುವುದುಂಟು. ಆಗ ಕಂಪನಿಯನ್ನು ಬೈದು ಇನ್ನೊಂದು ಕಂಪನಿಯದನ್ನು ತರುತ್ತಾರೆ. ನೀರು ಅದೇ ಇರುವುದರಿಂದ ಪಾಡೂ ಅದೇ ಆಗುತ್ತದೆ.

ಗೀಸರ್ ಆರಿಸುವ ಕೆಲಸ ನೀರು ಅಳೆಯುವುದರಿಂದ ಶುರುವಾಗಬೇಕು. ಇಲ್ಲೇ ಹಲವರು ದಾರಿ ತಪ್ಪುತ್ತಾರೆ. ಫಿಲ್ಟರ್ ಮಾರಲು ಬಂದವರು ಪೆನ್ನಿನಂಥ ಟಿಡಿಎಸ್ ಮೀಟರನ್ನು ಲೋಟಕ್ಕೆ ಅದ್ದಿ, ಅಂಕಿ ತೋರಿಸಿ, ನಿಮ್ಮ ನೀರು ಇಷ್ಟು ಗಡಸು ಎನ್ನುತ್ತಾರೆ. ಆ ಮೀಟರ್ ಕೊಡುವುದು ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ಅಂದಾಜು. ಅದರಲ್ಲಿ ಗಡಸುತನಕ್ಕೆ ಕಾರಣವಾಗಿ ಸುಣ್ಣಗಟ್ಟುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟು, ಸುಣ್ಣಗಟ್ಟದ ಸೋಡಿಯಂ ಎಷ್ಟು ಎಂಬುದು ಮೀಟರಿಗೆ ಗೊತ್ತಾಗದು. ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಯಂತ್ರ ದಾಟಿ ಬಂದ ನೀರಿಗೆ ಅದೇ ಮೀಟರ್ ಅದ್ದಿ ನೋಡಿ, ಅಂಕಿ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಸೋಪು ಮಾತ್ರ ಧಾರಾಳವಾಗಿ ನೊರೆ ಬಿಡುತ್ತದೆ.

ಗಡಸುತನ ಅಳೆಯಲು ಹನಿ ಲೆಕ್ಕದ ಕಿಟ್ ಸಿಗುತ್ತದೆ. ಗುರುತಿನ ತನಕ ನೀರು ತುಂಬಿ, ಬಣ್ಣದ ಪುಡಿ ಚಿಟಿಕೆ ಹಾಕಿದರೆ ನೀರು ದ್ರಾಕ್ಷಿ ರಸದಂತೆ ಕೆಂಪಾಗುತ್ತದೆ. ಇನ್ನೊಂದು ಶೀಶೆಯ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ ಅಲುಗಿಸಿದರೆ ಯಾವುದೋ ಒಂದು ಹನಿಗೆ ಕೆಂಪು ಹೋಗಿ ನೀಲಿ ನಿಲ್ಲುತ್ತದೆ. ಹನಿ ಎಣಿಸಿ, ಕಿಟ್ಟಿನ ಮೇಲೆ ಬರೆದಿರುವ ಅಂಕಿಯಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕ ಬಂತು. ಹಳ್ಳಿಗಳಲ್ಲಿ ಜಲಜೀವನ್ ಮಿಷನ್ ಅಡಿ ಕೊಟ್ಟ ಪರೀಕ್ಷಾ ಕಿಟ್ ಗ್ರಾಮ ಪಂಚಾಯಿತಿಯಲ್ಲಿರುತ್ತದೆ, ಬಳಸಲು ಊರಿನ ಹೆಣ್ಣುಮಕ್ಕಳಿಗೆ ತರಬೇತಿಯೂ ಆಗಿರುತ್ತದೆ. ಪ್ರಯೋಗಾಲಯಕ್ಕೆ ಕೊಡುವವರು ಗಡಸುತನದ ಜೊತೆ ಕ್ಷಾರತೆ, ಕ್ಲೋರೈಡ್, ಕಬ್ಬಿಣ ಮೂರನ್ನೂ ಕೇಳಿ ಬರೆಸಿಕೊಳ್ಳಬೇಕು. ಕ್ಷಾರತೆಯ ಅಂಕಿ ಗಡಸುತನದ ಅಂಕಿಯಷ್ಟೇ ಇದ್ದರೆ ಆ ಗಡಸುತನವೆಲ್ಲ ಕಾಯಿಸಿದಾಗ ಸುಣ್ಣವಾಗಿ ಇಳಿಯಬಲ್ಲದು ಎಂದರ್ಥ. ಕ್ಲೋರೈಡ್ ಯಾಕೆಂದು ಮುಂದೆ ಹೇಳುತ್ತೇವೆ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇರಬಹುದು; ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಒಪ್ಪಬಹುದು. ಇದು ಕುಡಿಯುವ ಲೆಕ್ಕ, ಗೀಸರ್ ಲೆಕ್ಕವಲ್ಲ. ಗಡಸುತನ 400 ಇರುವ ಮನೆಯಲ್ಲಿ ದಿನಕ್ಕೆ 60 ಲೀಟರ್ ನೀರು ಗೀಸರ್ ಮೂಲಕ ಹೋದರೆ, ಅದರೊಡನೆ 24 ಗ್ರಾಂ ಸುಣ್ಣದಂಶ ಹೋಗುತ್ತದೆ. ವರ್ಷಕ್ಕೆ ಎಂಟೂಮುಕ್ಕಾಲು ಕಿಲೋ. ಹತ್ತರಲ್ಲಿ ಒಂದು ಪಾಲು ಒಳಗೇ ಕೂತಿತು ಎಂದುಕೊಂಡರೂ ಸುಮಾರು 875 ಗ್ರಾಂ.

ಅದು ಕೂರುವ ಜಾಗ ಕಾಯಿಲ್ ಮೈ. ಸಕ್ಕರೆ, ಉಪ್ಪು ಬಿಸಿನೀರಲ್ಲಿ ಚೆನ್ನಾಗಿ ಕರಗುತ್ತವೆ. ಈ ಸುಣ್ಣದ ಗುಣ ತಿರುಗಾಮುರುಗಾ. ನೀರು ಬಿಸಿಯಾದಷ್ಟೂ ಕರಗಿದ್ದು ಹೊರಬಿದ್ದು, ಎಲ್ಲಕ್ಕಿಂತ ಬಿಸಿಯಾದ ಮೈಗೆ ಅಂಟಿಕೊಳ್ಳುತ್ತದೆ. 60 ಡಿಗ್ರಿ ದಾಟಿದ ಮೇಲೆ ಇದರ ವೇಗ ಬಹಳ ಹೆಚ್ಚು. ಬಿಚ್ಚಿ ಹೊರಗೆಳೆದ ಕಾಯಿಲ್ ನೋಡಿದರೆ ಬೆರಳು ದಪ್ಪದ ಕೊಳವೆ ಕಬ್ಬಿನ ಗೆಣ್ಣಿನಷ್ಟು ಊದಿಕೊಂಡಿರುತ್ತದೆ, ಮೇಲೆ ಬೂದುಬಿಳಿ ಚಕ್ಕೆ, ತಟ್ಟಿದರೆ ಹೆಂಚಿನ ಚೂರಿನಂತೆ ಉದುರುತ್ತದೆ. ಆ ಪೊರೆ ಶಾಖವನ್ನು ನೀರಿಗೆ ಬಿಡದು. ಒಳಗಿನ ತಂತಿ ಕಾದು, ಹೊರಗಿನ ಕವಚ ಬಿರುಕು ಬಿಟ್ಟು, ನೀರು ಒಳಗಿಳಿದು ಅರ್ತ್ ಹೊಡೆಯುತ್ತದೆ. ಗೀಸರ್ ಹಾಕಿದಾಗ ಅಕ್ಕಿ ಹುರಿದಂತೆ ಪಟಪಟ ಸದ್ದು ಬಂದರೆ ಅದು ಪೊರೆಯಡಿ ಸಿಕ್ಕಿಕೊಂಡ ನೀರು ಕುದಿಯುವ ಸದ್ದು. ಕಾಯಿಲ್ ಇನ್ನೂ ಸುಟ್ಟಿಲ್ಲ, ಈಗಲೇ ಬಿಚ್ಚಿ ಎಂದು ಹೇಳುವ ಸದ್ದು ಅದು.

ಇನ್ನು ಯಾವುದನ್ನು ಕೊಳ್ಳಬೇಕು? ಗಡಸುತನ 200 ದಾಟಿದ ಮನೆಗೆ 3 ಲೀಟರಿನ ಇನ್‌ಸ್ಟಂಟ್ ಗೀಸರ್ ಬೇಡವೇ ಬೇಡ. ಪುಟ್ಟ ಕಾಯಿಲ್ ಮೇಲೆ 3 ಕಿಲೋವಾಟ್ ಹೇರಿರುತ್ತಾರೆ, ಹಾಗಾಗಿ ಅದರ ಮೈ ವಿಪರೀತ ಕಾಯುತ್ತದೆ, ಬೇಗ ಪೊರೆಗಟ್ಟುತ್ತದೆ. ಗ್ಯಾಸ್ ಗೀಸರ್ ಇನ್ನೂ ಕಷ್ಟ. ಅದರಲ್ಲಿ ನೀರು ಹರಿಯುವುದು ಸಣ್ಣ ತಾಮ್ರದ ಕೊಳವೆಯೊಳಗೆ, ಉರಿ ನೇರ ಅದರ ಮೈಮೇಲೆ. ಒಳಗೆ ಸುಣ್ಣ ಕಟ್ಟಿದಂತೆ ಧಾರೆ ಸಣ್ಣಗಾಗುತ್ತದೆ, ನಿಧಾನವಾಗಿ ಹರಿಯುವ ನೀರು ಇನ್ನಷ್ಟು ಕಾಯುತ್ತದೆ, ಇನ್ನಷ್ಟು ಸುಣ್ಣ. ಅದನ್ನು ಗಾಳಿಯಾಡದ ಬಚ್ಚಲಲ್ಲಿ ಹಾಕಿದರೆ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಎರವಾಗುತ್ತದೆ. ವಾಸನೆಯಿಲ್ಲದ ಆ ಅನಿಲಕ್ಕೆ ಸ್ನಾನಕ್ಕೆ ಹೋದವರು ಹೊರಗೆ ಬರದೇ ಹೋದ ಸುದ್ದಿಗಳು ನಿಮ್ಮ ಪತ್ರಿಕೆಯಲ್ಲೇ ಬರುತ್ತಿರುತ್ತವೆ. ಗ್ಯಾಸ್ ಗೀಸರ್ ಹಾಕುವುದೇ ಆದರೆ ಬಚ್ಚಲ ಹೊರಗೆ, ತೆರೆದ ಜಾಗದಲ್ಲಿ, ನೀರು ಮೆದುವಾಗಿದ್ದ ಕಡೆ ಮಾತ್ರ.

ಉಳಿಯುವುದು ಟ್ಯಾಂಕಿನ ಗೀಸರ್. 60 ಡಿಗ್ರಿ ನೀರನ್ನು ನಮ್ಮ 24 ಡಿಗ್ರಿ ತಣ್ಣೀರಿಗೆ ಬೆರೆಸಿ 40 ಡಿಗ್ರಿಗೆ ತರಲು 20 ಲೀಟರ್ ಬಕೆಟ್ಟಿಗೆ ಸುಮಾರು 9 ಲೀಟರ್ ಬಿಸಿನೀರು ಸಾಕು. 15 ಲೀಟರ್ ಗೀಸರ್ ಒಂದೂವರೆ ಬಕೆಟ್, 25 ಲೀಟರ್‌ನದು ಎರಡೂವರೆ ಬಕೆಟ್ ಧಾರಾಳವಾಗಿ ಕೊಡುತ್ತದೆ. ನಾಲ್ಕು ಜನರ ಮನೆಗೆ 25 ಲೀಟರ್ ಆರಿಸಿ, ಬಿಸಿ ಎಷ್ಟಿರಬೇಕೆಂದು ಹೊಂದಿಸುವ ಮುಳ್ಳನ್ನು 55-60 ಡಿಗ್ರಿಗೆ ಇಡುವುದು ಒಳ್ಳೆಯದು. 10 ಲೀಟರ್ ಕೊಂಡು 75 ಡಿಗ್ರಿಗೆ ಕಾಯಿಸಿದರೆ ಸುಣ್ಣ ಇಳಿಯಲು ನೀವೇ ದಾರಿ ಮಾಡಿಕೊಟ್ಟಂತೆ. 50ಕ್ಕಿಂತ ಕೆಳಗೂ ಇಳಿಸಬೇಡಿ, ಉಗುರುಬೆಚ್ಚಗಿನ ನೀರು ನಿಂತರೆ ರೋಗಾಣು ಬೆಳೆಯುತ್ತದೆ. 25 ಲೀಟರನ್ನು 25ರಿಂದ 60 ಡಿಗ್ರಿಗೆ ತರಲು ಒಂದು ಯೂನಿಟ್ ಕರೆಂಟ್ ಬೇಕು, 2 ಕಿಲೋವಾಟ್ ಕಾಯಿಲ್‌ಗೆ ಅರ್ಧ ಗಂಟೆ. ಬೇಗ ಕಾಯಲಿ ಎಂದು 3 ಕಿಲೋವಾಟ್ ಆರಿಸುವ ಅವಸರ ಬೇಡ. ಸ್ಟಾರ್ ಹೇಳುವುದು ಕಾದ ನೀರು ನಿಂತಲ್ಲೇ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂಬುದನ್ನು ಮಾತ್ರ. ಬೆಳಿಗ್ಗೆ ಅರ್ಧ ಗಂಟೆ ಹಾಕಿ ಆರಿಸುವ ಮನೆಯಲ್ಲಿ ಒಂದು ಸ್ಟಾರ್ ಹೆಚ್ಚಿಗೆ ಕೊಡುವ ಹಣವನ್ನು ಒಳ್ಳೆಯ ಕಾಯಿಲ್‌ಗೆ ಕೊಡುವುದು ಲೇಸು.

ಕಾಯಿಲ್ ತಾಮ್ರದ್ದಾದರೆ ಗಡಸು ನೀರಿಗೆ ಬೇಡ. ಇಂಕಲಾಯ್ 800 ಎಂಬ ಮಿಶ್ರಲೋಹದ್ದು, ಇಲ್ಲವೇ ಮೇಲೆ ಗಾಜಿನ ಲೇಪ ಇರುವುದು ಹೆಚ್ಚು ತಾಳುತ್ತದೆ. ಲೇಪದ ನುಣುಪಿಗೆ ಸುಣ್ಣ ಗಟ್ಟಿಯಾಗಿ ಹಿಡಿಯುವುದಿಲ್ಲ. ಆದರೆ ಅಂಥ ಕಾಯಿಲನ್ನು ಚಾಕುವಿನಲ್ಲಿ ಹೆರೆಯುವಂತಿಲ್ಲ.

ಟ್ಯಾಂಕಿನ ವಿಷಯದಲ್ಲಿ ಕ್ಲೋರೈಡ್ ಅಂಕಿ ಬೇಕಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಎಂದ ಕೂಡಲೇ ತುಕ್ಕಿಲ್ಲ ಎಂಬ ನಂಬಿಕೆ ನಮ್ಮಲ್ಲಿದೆ. ಕ್ಲೋರೈಡ್ 200 ದಾಟಿದ ನೀರು ಬಿಸಿಯಾಗಿ ನಿಂತರೆ 304 ದರ್ಜೆಯ ಸ್ಟೀಲಿನ ಬೆಸುಗೆಯ ಬಳಿ ಸೂಜಿಮೊನೆಯಂಥ ತೂತು ಬೀಳುತ್ತದೆ. 316 ದರ್ಜೆ ಅದಕ್ಕಿಂತ ತಾಳಿಕೆಯದು. ಅದು ಸಿಗದಿದ್ದರೆ ಒಳಗೆ ಗಾಜಿನ ಲೇಪ ಬೇಯಿಸಿದ ಉಕ್ಕಿನ ಟ್ಯಾಂಕು ನಮ್ಮ ಬೋರ್ ನೀರಿಗೆ ಸರಿ. ಆ ಲೇಪದಲ್ಲಿ ಎಲ್ಲೋ ಕಣ್ಣಿಗೆ ಕಾಣದ ಬಿರುಕು ಇದ್ದೇ ಇರುತ್ತದೆ. ಅದನ್ನು ಕಾಯುವುದು ಒಳಗೆ ತೂಗುವ ಮೆಗ್ನೀಸಿಯಂ ಆನೋಡ್ ರಾಡ್. ಉಕ್ಕಿನ ಬದಲು ತಾನು ಸವೆದು ಟ್ಯಾಂಕನ್ನು ಉಳಿಸುವುದೇ ಅದರ ಕೆಲಸ. ಲವಣ ಹೆಚ್ಚಿರುವ ನೀರಿನಲ್ಲಿ ಅದು ಬೇಗ ಸವೆಯುತ್ತದೆ. ವರ್ಷಕ್ಕೊಮ್ಮೆ ತೆಗೆದು ನೋಡಿ, ದಪ್ಪ ಅರ್ಧಕ್ಕೆ ಇಳಿದಿದ್ದರೆ ಅಥವಾ ನಡುವಿನ ಕಬ್ಬಿಣದ ತಂತಿ ಕಂಡರೆ ಬದಲಿಸಬೇಕು. ಟ್ಯಾಂಕಿಗೆ ಇಷ್ಟು ವರ್ಷ ಗ್ಯಾರಂಟಿ ಎಂಬ ಮಾತು ನಿಂತಿರುವುದು ಈ ರಾಡ್ ಮೇಲೆ. ಬೆಲೆ ಕೆಲವೇ ನೂರು ರೂಪಾಯಿ, ಬದಲಿಸುವವರು ಮಾತ್ರ ಕಡಿಮೆ. ಬಿಸಿನೀರಿಗೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ರಾಡ್ ತೆಗೆದು ಬಿಸಾಡಬೇಡಿ, ಅಲ್ಯೂಮಿನಿಯಂ-ಸತುವಿನ ರಾಡ್ ಹಾಕಿಸಿ.

ಅಂಗಡಿಯಲ್ಲಿ ಗೀಸರನ್ನು ಮಗುಚಿ ತಳ ನೋಡಿ. ಕಾಯಿಲ್ ಕೂರಿಸಿದ ತಟ್ಟೆ, ಅಂದರೆ ಫ್ಲ್ಯಾಂಜ್, ನಾಲ್ಕೋ ಆರೋ ಬೋಲ್ಟಿನ ಅಗಲದ್ದಾಗಿದ್ದರೆ ಕಾಯಿಲ್ ತೆಗೆದ ಮೇಲೆ ಒಳಗಿನ ಸುಣ್ಣ ಗೋರಿ ತೆಗೆಯಬಹುದು. ಒಂದೇ ದೊಡ್ಡ ತಿರುಪಿನ ಕಾಯಿಲ್ ಆದರೆ ತೂತು ಚಿಕ್ಕದು, ಚಕ್ಕೆಗಳು ಒಳಗೇ ಉಳಿಯುತ್ತವೆ. ಗೋಡೆಗೆ ಉದ್ದಕ್ಕೆ ನಿಲ್ಲುವ ಮಾದರಿ ಆರಿಸಿ. ಅಡ್ಡ ಮಲಗುವ ಮಾದರಿಯಲ್ಲಿ ಉದುರಿದ ಸುಣ್ಣ ಉದ್ದಕ್ಕೂ ಹರಡಿಕೊಳ್ಳುತ್ತದೆ, ಶುಚಿ ಮಾಡುವುದು ಕಷ್ಟ. ಟ್ಯಾಂಕಿನ ಗೀಸರಿಗಿರುವ ಭಾರತೀಯ ಮಾನಕ ಐಎಸ್ 2082ರ ಗುರುತು ಇದೆಯೇ ನೋಡಿ. 8 ಬಾರ್ ಒತ್ತಡ ತಾಳುವ ಟ್ಯಾಂಕು ಎಂಬುದಕ್ಕೆ ಹೆಚ್ಚು ಹಣ ಕೇಳಿದರೆ, ಹತ್ತು ಮೀಟರ್ ಎತ್ತರದ ಓವರ್‌ಹೆಡ್ ಟ್ಯಾಂಕು ಕೊಡುವುದು ಒಂದೇ ಬಾರ್ ಎಂಬುದು ನೆನಪಿರಲಿ. ಪ್ರೆಷರ್ ಪಂಪ್ ಇಟ್ಟ ಮನೆ, ಎತ್ತರದ ಅಪಾರ್ಟ್‌ಮೆಂಟ್‌ಗಳಿಗೆ ಅದು ಬೇಕು.

ವಾರಂಟಿ ಕಾರ್ಡಿನ ಸಣ್ಣಕ್ಷರ ಅಂಗಡಿಯಲ್ಲೇ ಓದಬೇಕು. ಟ್ಯಾಂಕಿಗೆ, ಕಾಯಿಲ್‌ಗೆ, ಒಟ್ಟು ಯಂತ್ರಕ್ಕೆ ಬೇರೆ ಬೇರೆ ಅವಧಿ ಇರುತ್ತದೆ. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿರುವುದು ಟ್ಯಾಂಕಿನದು, ಮೊದಲು ಕೆಡುವುದು ಕಾಯಿಲ್. ಸುಣ್ಣಗಟ್ಟಿ ಸುಟ್ಟದ್ದಕ್ಕೆ ನಾವು ಹೊಣೆಯಲ್ಲ ಎಂಬ ಸಾಲು ಹಲವು ಕಾರ್ಡುಗಳಲ್ಲಿದೆ. ಎಷ್ಟು ಗಡಸುತನದ ತನಕ ವಾರಂಟಿ ನಡೆಯುತ್ತದೆ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಕೂರಿಸುವಾಗ ಆಗುವ ತಪ್ಪುಗಳಲ್ಲಿ ಒಂದು ಜೀವಕ್ಕೇ ಅಪಾಯ. ನೀರು ಬಿಸಿಯಾದರೆ ಹಿಗ್ಗುತ್ತದೆ. 25 ಲೀಟರ್ ನೀರು 60 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು 350 ಮಿಲಿಲೀಟರ್ ಹೆಚ್ಚುತ್ತದೆ. ಒಳಬರುವ ಕಡೆ ನೀರು ಹಿಂದೆ ಹೋಗದ ವಾಲ್ವ್ ಇದ್ದರೆ ಆ ಹೆಚ್ಚಿನ ನೀರು ಸೇಫ್ಟಿ ವಾಲ್ವಿನಿಂದ ತೊಟ್ಟಿಕ್ಕಬೇಕು. ಇದನ್ನು ಸೋರಿಕೆ ಎಂದುಕೊಂಡು ಡಮ್ಮಿ ಬಡಿದು ಮುಚ್ಚುವವರಿದ್ದಾರೆ. ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಕೆಟ್ಟ ದಿನ ಆ ಗೀಸರ್ ಸಿಡಿಯಬಹುದು. ತೊಟ್ಟಿಕ್ಕುವ ಬಾಯಿಗೆ ಸಣ್ಣ ಪೈಪ್ ಕೊಟ್ಟು ನೆಲದ ಜಾಲರಿಗೆ ಇಳಿಸಿ. ಗಡಸು ನೀರಿನಲ್ಲಿ ಈ ವಾಲ್ವ್ ಸುಣ್ಣ ಕಟ್ಟಿ ಹಿಡಿದುಕೊಳ್ಳುವುದರಿಂದ ಅದರ ಪಿಡಿಯನ್ನು ತಿಂಗಳಿಗೊಮ್ಮೆ ಎತ್ತಿ ನೀರು ಚಿಮ್ಮುತ್ತದೆಯೇ ನೋಡಬೇಕು. ಗೀಸರ್ ಬದಲಿಸುವಾಗ ವಾಲ್ವೂ ಹೊಸದಿರಲಿ. ಒಳಬರುವ ಕಡೆ ಬಾಲ್ ವಾಲ್ವ್, ಎರಡೂ ಕಡೆ ಬಿಚ್ಚಲು ಬರುವ ಕನೆಕ್ಷನ್ ಪೈಪ್, ಬಿಸಿನೀರಿಗೆ ಶಾಖ ತಾಳುವ ಸಿಪಿವಿಸಿ ಪೈಪ್, 16 ಆಂಪ್ ಪ್ಲಗ್, ಸರಿಯಾದ ಅರ್ತ್, ಕರೆಂಟ್ ಸೋರಿದರೆ ತಾನೇ ಆರಿಸುವ 30 ಮಿಲಿಆಂಪ್ ಆರ್‌ಸಿಸಿಬಿ ಸ್ವಿಚ್ ಇರಲಿ.

ಇಷ್ಟೆಲ್ಲಕ್ಕಿಂತ ಸುಲಭದ ಉಪಾಯ ತಾರಸಿಯ ಮೇಲಿದೆ. ಹೊರ ಬಡಾವಣೆಗಳ ಹಲವು ಮನೆಗಳಿಗೆ ಕಾವೇರಿ ನೀರು ಸ್ವಲ್ಪವಾದರೂ ಬರುತ್ತದೆ. ಅದನ್ನು ಬೋರ್ ನೀರಿನ ಜೊತೆ ಒಂದೇ ಸಂಪಿಗೆ ಬಿಟ್ಟು ಕೆಡಿಸುತ್ತೇವೆ. ಗೀಸರಿಗೆ ಬೇಕಾದ್ದು ದಿನಕ್ಕೆ 60 ಲೀಟರ್. ಕಾವೇರಿ ನೀರಿಗೆ 500 ಲೀಟರಿನ ಪ್ರತ್ಯೇಕ ಟ್ಯಾಂಕಿಟ್ಟು ಅಡುಗೆಮನೆ, ಗೀಸರ್‌ಗಳಿಗೆ ಅದರಿಂದ ಕೊಡಿ. ಶೌಚಾಲಯ, ಬಟ್ಟೆ, ಗಿಡಕ್ಕೆ ಬೋರ್ ನೀರು ಸಾಕು. ಮಳೆ ನೀರೂ ಮೆದುವೇ. 100 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1000 ಲೀಟರ್, ಶೇ 80 ಹಿಡಿದರೂ 800. ಹೀಗೆ ಎರಡು ಟ್ಯಾಂಕು ಮಾಡಿದಾಗ ಒಂದು ಎಚ್ಚರ ಬೇಕು. ಮಿಕ್ಸರ್ ನಲ್ಲಿಗೆ ಬಿಸಿ ಒಂದು ಟ್ಯಾಂಕಿನಿಂದ, ತಣ್ಣೀರು ಇನ್ನೊಂದರಿಂದ ಬಂದರೆ ಎತ್ತರದ ಟ್ಯಾಂಕಿನ ನೀರು ಮಿಕ್ಸರ್ ಮೂಲಕ ತಗ್ಗಿನದಕ್ಕೆ ನುಗ್ಗುತ್ತದೆ. ಎರಡೂ ಲೈನಿಗೆ ನೀರು ಹಿಂದೆ ಹೋಗದ ವಾಲ್ವ್ ಹಾಕಲೇಬೇಕು.

ಬೋರ್ ನೀರೊಂದೇ ಗತಿ ಎನ್ನುವವರಿಗೆ ಸಾಫ್ಟ್‌ನರ್ ಇದೆ. ಅದರೊಳಗೆ ಗಡಸುತನ ಹಿಡಿಯುವ ರೆಸಿನ್ ಎಂಬ ಸಣ್ಣ ಮಣಿಗಳಿರುತ್ತವೆ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ. 25 ಲೀಟರ್ ರೆಸಿನ್ ಇದ್ದರೆ, ಗಡಸುತನ 400ರ ನೀರು ಮೂರು ಸಾವಿರ ಲೀಟರ್ ಮೆದುವಾಗುತ್ತದೆ. ದಿನಕ್ಕೆ 500 ಲೀಟರ್ ಬಳಸುವ ಮನೆಯಲ್ಲಿ ಆರು ದಿನಕ್ಕೊಮ್ಮೆ ಉಪ್ಪುನೀರಿನಲ್ಲಿ ತೊಳೆಯಬೇಕು, ಪ್ರತಿ ಸಲ ಮೂರರಿಂದ ನಾಲ್ಕು ಕಿಲೋ ಕಲ್ಲುಪ್ಪು. ತೊಳೆದ ನೀರು ಹೂಗಿಡ, ಕರಿಬೇವಿನ ಬುಡಕ್ಕೆ ಹೋಗಬಾರದು. ಕಬ್ಬಿಣ ಹೆಚ್ಚಿರುವ ನೀರು ರೆಸಿನ್ನನ್ನು ಕೆಂಪಗೆ ಮಾಡಿ ಕೆಡಿಸುವುದರಿಂದ ಮೊದಲು ಕಬ್ಬಿಣದ ಫಿಲ್ಟರ್ ಬೇಕು. ಗಡಸುತನ 100 ಕಳೆದರೆ ಸೋಡಿಯಂ 46 ಮಿಲಿಗ್ರಾಂ ಸೇರುತ್ತದೆ. ರಕ್ತದೊತ್ತಡ ಇರುವವರ ಮನೆಯಲ್ಲಿ ಕುಡಿಯುವ ನೀರಿನ ನಲ್ಲಿ ಇದರಿಂದ ಹೊರಗಿರಲಿ. ಅಷ್ಟು ಖರ್ಚು ಆಗದವರು ಗೀಸರ್ ಬಾಯಿಗೆ ಪಾಲಿಫಾಸ್ಫೇಟ್ ಹರಳಿನ ಸಣ್ಣ ಫಿಲ್ಟರ್ ಹಾಕಬಹುದು. ಅದು ಸುಣ್ಣವನ್ನು ತೆಗೆಯುವುದಿಲ್ಲ, ಅಂಟುವುದನ್ನು ತಡೆಯುತ್ತದೆ. ತೀರಾ ಬಿಸಿಯಾದರೆ ಅದೂ ಸೋಲುತ್ತದೆ, ಹರಳು ಕರಗಿದಂತೆ ತುಂಬುತ್ತಿರಬೇಕು. ಪೈಪಿಗೆ ಆಯಸ್ಕಾಂತ ಕಟ್ಟುವ ಸಾಧನಗಳಿಗೆ ಹಣ ಹಾಕಬೇಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಸೋಲಾರ್ ಬದಲಿಸುವವರಿಗೂ ಎರಡು ಮಾತು. ಚಪ್ಪಟೆ ಪ್ಯಾನಲ್ಲಿನ ಸಣ್ಣ ತಾಮ್ರದ ಕೊಳವೆಗಳು ಬೋರ್ ನೀರಿಗೆ ಕಟ್ಟಿಕೊಳ್ಳುತ್ತವೆ. ಆ ಮಾದರಿಯೇ ಬೇಕಾದರೆ ಬೋರ್ ನೀರನ್ನು ಕೊಳವೆಗೆ ಬಿಡದೆ ಶಾಖವನ್ನಷ್ಟೇ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಇರುವುದನ್ನು ಕೇಳಿ. 58 ಮಿಲಿಮೀಟರ್ ಗಾಜಿನ ಟ್ಯೂಬಿನದರಲ್ಲಿ ಸುಣ್ಣ ಟ್ಯೂಬಿನ ತಳಕ್ಕೆ ಕೆಸರಾಗಿ ಇಳಿಯುತ್ತದೆ, ತೆಗೆದು ತೊಳೆಯಬಹುದು. ಆ ಕೆಲಸ ಬೆಳಗಿನ ಬಿಸಿಲೇರುವ ಮುನ್ನ ಆಗಬೇಕು. ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿದ್ದರೆ ಸೀಳುತ್ತದೆ. ಟ್ಯಾಂಕಿನ ಮೇಲಿನ ಗಾಳಿ ಪೈಪ್ ಸುಣ್ಣದಿಂದ ಮುಚ್ಚಿದೆಯೇ ಎಂದು ಆಗಲೇ ನೋಡಿ.

ಹಿಂದೆ ನೀರು ತುಂಬುವ ಹಬ್ಬದ ದಿನ ಬಚ್ಚಲ ಹಂಡೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ, ಒಳಗಿನ ಬಿಳಿ ಪೊರೆ ತೆಗೆದು, ತೊಳೆದು ತುಂಬುತ್ತಿದ್ದರು. ಹುಣಿಸೆಯ ಹುಳಿ ಸುಣ್ಣವನ್ನು ಕರಗಿಸುತ್ತದೆ. ಗೀಸರಿಗೂ ಅದೇ ದಿನ ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ. ಎಂಸಿಬಿ ಇಳಿಸಿ, ನೀರು ತಣ್ಣಗಾದ ಮೇಲೆ ಬಾಲ್ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದು, ಒಳಬರುವ ಪೈಪ್ ಬಿಚ್ಚಿ ಬಕೆಟ್ಟಿಗೆ ಖಾಲಿ ಮಾಡಬೇಕು. ತಳದ ಮುಚ್ಚಳ ತೆಗೆದು ತಂತಿಗಳ ಫೋಟೊ ಹಿಡಿದುಕೊಂಡು ಕಳಚಿ. ಬೋಲ್ಟ್ ಬಿಚ್ಚಿ ಕಾಯಿಲ್ ಹೊರತೆಗೆದು, ದಪ್ಪ ಚಕ್ಕೆಯನ್ನು ಮರದ ತುಂಡಿನಿಂದ ತಟ್ಟಿ ಉದುರಿಸಿ, ತಳದ ರಾಶಿಯನ್ನು ಕೈಯಿಂದ ಗೋರಿ ತೆಗೆಯಿರಿ. ಗಾಜಿನ ಲೇಪದ ಕಾಯಿಲ್ ಆದರೆ ತಟ್ಟುವುದೂ ಬೇಡ. ಉಳಿದದ್ದಕ್ಕೆ ಲೀಟರ್ ಉಗುರುಬೆಚ್ಚಗಿನ ನೀರಿಗೆ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಬೆರೆಸಿ, ಕಾಯಿಲ್‌ನ ಕರೆಂಟ್ ತುದಿ ಒದ್ದೆಯಾಗದಂತೆ ಮೂರ್ನಾಲ್ಕು ಗಂಟೆ ನೆನೆಸಿ. 100 ಗ್ರಾಂ ನಿಂಬೆ ಉಪ್ಪು ಕರಗಿಸಬಲ್ಲದ್ದು 75-80 ಗ್ರಾಂ ಸುಣ್ಣ ಮಾತ್ರ. ಕಿಲೋಗಟ್ಟಲೆ ಚಕ್ಕೆಯನ್ನು ಮೊದಲು ಕೈಯಿಂದಲೇ ತೆಗೆಯಬೇಕೆಂದು ಹೇಳುವುದು ಅದಕ್ಕೇ. ದ್ರಾವಣವನ್ನು ಕುದಿಸಬಾರದು, ಕುದಿಸಿದರೆ ಕರಗಿದ ಸುಣ್ಣ ಬೇರೊಂದು ಬಿಳಿ ಗಷ್ಟಾಗಿ ಕೂರುತ್ತದೆ. ಶೌಚಾಲಯ ತೊಳೆಯುವ ಆ್ಯಸಿಡ್ ಹತ್ತಿರಕ್ಕೂ ತರಬೇಡಿ, ಅದರ ಕ್ಲೋರೈಡ್ ಸ್ಟೀಲನ್ನು ತಿನ್ನುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಬಿಸಿನೀರಿನ ನಲ್ಲಿಯಲ್ಲಿ ಧಾರೆ ತುಂಬಿ ಬಂದ ಮೇಲಷ್ಟೇ ಸ್ವಿಚ್ ಹಾಕಬೇಕು. ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಹೊಸ ಕಾಯಿಲ್ ಕೂಡ ನಿಮಿಷಗಳಲ್ಲಿ ಹೋಗುತ್ತದೆ. ವಿದ್ಯುತ್ ಕೆಲಸ ಬಾರದವರು ಇದನ್ನು ಮೆಕ್ಯಾನಿಕ್‌ನಿಂದಲೇ ಮಾಡಿಸಲಿ, ಎದುರಿಗೆ ನಿಂತು ನೋಡಲಿ.

ಕೊನೆಯದಾಗಿ ಸ್ಥಳೀಯ ಸಂಸ್ಥೆಗಳಲ್ಲಿ ಒಂದು ಮನವಿ. ಬೋರ್ ನೀರು ಪೂರೈಸುವ ಪ್ರತಿ ಪಂಪ್‌ಹೌಸಿನ ಗೋಡೆಯ ಮೇಲೆ ಆ ಬೋರಿನ ಗಡಸುತನ, ಕ್ಷಾರತೆ, ಕ್ಲೋರೈಡ್, ಕಬ್ಬಿಣದ ಅಂಕಿಗಳನ್ನು, ಪರೀಕ್ಷೆ ಮಾಡಿದ ತಾರೀಖಿನೊಡನೆ ಬರೆಸಬೇಕು. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಬದಲಿಸಿದರೆ ಸಾಕು. ಜನ ಆ ನಾಲ್ಕು ಅಂಕಿಗಳನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಅಂಗಡಿಗೆ ಹೋಗಲು ಆಗುತ್ತದೆ.

ಇಂತಿ,
ಗೀಸರ್ ಮತ್ತು ಸೋಲಾರ್ ದುರಸ್ತಿ ಕೆಲಸಗಾರರು,
ಮೈಸೂರು